ಅಂಟು ಹಾಕದೆ ಐರನ್ ಬ್ರಿಡ್ಜ್ ಕಟ್ಟಿದ್ದು

ಇಂಗ್ಲೆಂಡಿನ ಸೆವರ್ನ್ ನದಿ ಮೇಲಿನ ಐರನ್ ಬ್ರಿಡ್ಜಿನ ಮಾದರಿಯನ್ನು ನಮ್ಮ ಪಾಲಿಟೆಕ್ನಿಕ್ ಹುಡುಗರಿಗೆ ಅಂತ ಪ್ಲೈವುಡ್‌ನಲ್ಲಿ ಮಾಡಿದೆ. ಅಳತೆ 1:25. ನಿಜವಾದ ಕಮಾನಿನ ಹರವು 30.6 ಮೀಟರ್, ನನ್ನದು ನಾಲ್ಕಡಿ ಚಿಲ್ಲರೆ. ಷರತ್ತು ಒಂದೇ: ಫೆವಿಕಾಲ್ ಮುಟ್ಟಬಾರದು.

ಕಾರಣ ಇದೆ. 1779ರಲ್ಲಿ ಅದನ್ನು ನಿಲ್ಲಿಸಿದ ಮೂರನೇ ಅಬ್ರಹಾಂ ಡಾರ್ಬಿಗೆ ಬೀಡುಕಬ್ಬಿಣದ ಎರಕ ಮನೆತನದ ಕಸುಬು. ಆದರೆ ಕಬ್ಬಿಣದಲ್ಲಿ ಅಷ್ಟು ದೊಡ್ಡ ಸೇತುವೆ ಜೋಡಿಸಿದ ಅನುಭವ ಯಾರಿಗಿತ್ತು? ವಿನ್ಯಾಸ ಮಾಡಿದ ಥಾಮಸ್ ಪ್ರಿಚರ್ಡ್ 1777ರಲ್ಲೇ ತೀರಿಕೊಂಡಿದ್ದ. ಆತ ಬಡಗಿ ಕೆಲಸ ಕಲಿತವನು. ಅದಕ್ಕೋ ಏನೋ, ಜೋಡಣೆಯೆಲ್ಲ ಮರಗೆಲಸದ್ದೇ. ಒಂದರ ತೂತಿಗೆ ಇನ್ನೊಂದರ ತುದಿ ತೂರಿಸಿ ಬೆಣೆ ಹೊಡೆಯುವುದು, ಅಲ್ಲಲ್ಲಿ ಡವ್‌ಟೇಲ್, ಅಂದರೆ ಪಾರಿವಾಳದ ಬಾಲದಂತೆ ತುದಿ ಅಗಲವಾದ ಕಚ್ಚು. ಬೋಲ್ಟ್ ಹಾಕಿದ್ದು ನೆತ್ತಿಯಲ್ಲಿ, ಅರ್ಧ ಕಮಾನುಗಳು ಕೂಡುವಲ್ಲಿ.

ಐದು ಕಮಾನುಗಳನ್ನೂ ಒಂದೇ ಅಚ್ಚಿಟ್ಟು ಕತ್ತರಿಸಿದ್ದೆ. ಆದರೂ ಒಂದಕ್ಕೆ ಸರಿಹೋದ ಅಡ್ಡಪಟ್ಟಿ ಪಕ್ಕದ್ದಕ್ಕೆ ಕೂರುತ್ತಿರಲಿಲ್ಲ. ಕೊನೆಗೆ ಒಂದೊಂದನ್ನೂ ಅದರದರ ಜಾಗದಲ್ಲೇ ಹಿಡಿದು ಅರ ಹಾಕಿ ಉಜ್ಜಿದೆ. ಅಸಲಿ ಸೇತುವೆಯಲ್ಲೂ ಹೀಗೇ. ನೋಡಲು ಒಂದೇ ಥರದ ಭಾಗಗಳ ನಡುವೆ ಕೆಲವು ಸೆಂಟಿಮೀಟರ್ ತನಕ ವ್ಯತ್ಯಾಸ ಇದೆ. ಆಗಲೇ ಎರಕವಾದ ತುಂಡಿಗೆ ಹೊಂದುವಂತೆ ಮುಂದಿನದನ್ನು ಎರಕ ಹೊಯ್ದಿದ್ದಾರೆ. ಅರ ಹಾಕಿದರೆ ಮುಗಿಯುವ ನನ್ನ ಕೆಲಸ ಸಲೀಸು ಬಿಡಿ. ಅಲ್ಲಿ ಅತಿ ಭಾರದ ತುಂಡು ಐದೂವರೆ ಟನ್!

ನನಗೆ ಜಾಸ್ತಿ ಇಷ್ಟವಾದದ್ದು ಆಮೇಲಿನ ಆಟ. ಎರಡೂ ದಡಕ್ಕೆ ಇಟ್ಟಿಗೆ ಇಟ್ಟಿದ್ದೆ. ಒಂದು ಇಟ್ಟಿಗೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒಳಕ್ಕೆ ತಳ್ಳಿದೆ. ನೆತ್ತಿ ಮೇಲೆದ್ದು, ಅಲ್ಲಿನ ಸಂದು ಮೇಲ್ಗಡೆ ಬಾಯಿಬಿಟ್ಟಿತು. ಸೆವರ್ನ್ ಕಣಿವೆಯ ದಡಗಳೂ ಹೀಗೇ ಒಳಕ್ಕೆ ಜರುಗುತ್ತಾ ಬಂದಿವೆ. ಬೀಡುಕಬ್ಬಿಣ ಒತ್ತಡ ಎಷ್ಟಾದರೂ ತಡೆದೀತು, ಎಳೆತ ಬಿದ್ದರೆ ಬಿರುಕು ಬಿಡುತ್ತದೆ. ಹಾಗಾಗಿ 1934ರಲ್ಲಿ ವಾಹನ ನಿಲ್ಲಿಸಿದರು. 1970ರ ದಶಕದಲ್ಲಿ ನದಿಯ ತಳದಲ್ಲಿ, ಎರಡು ದಡಗಳ ನಡುವೆ, ತಲೆಕೆಳಗಾದ ಕಾಂಕ್ರೀಟ್ ಕಮಾನು ಕೂರಿಸಿದರು. ನಾನು ಇಟ್ಟಿಗೆಗಳ ಮಧ್ಯೆ ಸುಮ್ನೆ ಒಂದು ಮರದ ಪಟ್ಟಿ ಸಿಕ್ಕಿಸಿದೆ. ಆಮೇಲೆ ಎಷ್ಟು ತಳ್ಳಿದರೂ ನೆತ್ತಿ ಅಲುಗಲಿಲ್ಲ.

ಮುಂದಿನದು ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್ 1796ರಲ್ಲಿ ಅದೇ ನದಿಗೆ ಬಿಲ್ಡ್‌ವಾಸ್‌ನಲ್ಲಿ ಕಟ್ಟಿದ ಸೇತುವೆ. ಹರವು 130 ಅಡಿ, ಕಬ್ಬಿಣ ಮಾತ್ರ ಐರನ್ ಬ್ರಿಡ್ಜಿನ 378 ಟನ್ನಿನ ಅರ್ಧಕ್ಕಿಂತ ಕಡಿಮೆ. ಅದಕ್ಕೆ ತೆಳು ಪ್ಲೈವುಡ್ ತಂದಿಟ್ಟಿದ್ದೇನೆ.