ಗೋಕರ್ಣದಾಗ ಕಡಲ ಹತ್ತರದ ಹಳೇ ಮನಿ ಕೊಳ್ಳೂ ಮುಂದ

ಧಾರವಾಡದಿಂದ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರ ಅಂಕೋಲಾ, ಅಲ್ಲಿಂದ ಗೋಕರ್ಣ ದೂರಿಲ್ಲ. ನಮ್ಮ ಕಡೆ ಮಂದಿಗೆ ಅಲ್ಲೊಂದು ಮನಿ ಬೇಕನ್ನೋ ಆಸೆ ಭಾಳ. ಆದರ ಮಾರಾಟದ ಮನಿ ನೋಡಲಿಕ್ಕೆ ಜನವರಿ ಬಿಸಿಲಾಗ ಹೋಗಬ್ಯಾಡ್ರಿ, ಜುಲೈದಾಗ ಹೋಗ್ರಿ. ಹಂಚು ಎಲ್ಲಿ ಸೋರತದ, ಅಂಗಳದಾಗ ನೀರು ಎಷ್ಟು ನಿಲ್ಲತದ, ಎಲ್ಲಾ ಕಾಣತದ. ಬಾವಿ ನೀರು ಮಾತ್ರ ಮೇ ಕಡಿಗೆ ಕುಡದು ನೋಡ್ರಿ. ನೀರು ತಳಕ್ಕಿಳಿದಾಗನ ಉಪ್ಪು ಗೊತ್ತಾಗೋದು.

ಚೀರೆಕಲ್ಲಿನ (ಕರಾವಳಿಯ ಕೆಂಪು ಮುರಕಲ್ಲು) ಗ್ವಾಡಿ ಗಟ್ಟಿ ಇರತಾವ. ಆಮ್ಯಾಲೆ ಕೂಡಿಸಿದ ಆರ್‌ಸಿಸಿ ಸ್ಲ್ಯಾಬ್ ನೋಡ್ರಿ. ಉಪ್ಪಿನ ಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಸಿಮೆಂಟು ಉದುರಸತದ. ತಳಗ ನಿಂತು ಬಡದು ನೋಡ್ರಿ, ಟೊಳ್ಳು ಸಪ್ಪಳ ಬಂದರ ರಿಪೇರಿ ಖರ್ಚು ರೇಟಿನಾಗ ಮುರಕೋರಿ.

ಖರೇ ತೊಡಕು ವಾರಸದಾರರದು. ಮೊದಲು ವಂಶವೃಕ್ಷ ಕೇಳ್ರಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಾಗ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಅಣ್ಣತಮ್ಮಂದಿರು ಸಹಿ ಮಾಡಿದರ ಸಾಕು ಅಂದರ ಒಪ್ಪಬ್ಯಾಡ್ರಿ, ಮುಂಬೈಗೆ ಕೊಟ್ಟ ಅಕ್ಕನ ಸಹಿನೂ ಬೇಕು. ಅಕೀ ಹಕ್ಕದು, ಅದನ್ನ ದಾಟಿ ಮನಿ ತಗೊಳ್ಳೋದು ನನಗಂತೂ ಸರಿ ಕಾಣೂದಿಲ್ಲ. ಸರ್ಕಾರದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಾಗ ಋಣಭಾರ ಪತ್ರ (ಇಸಿ) ತಗೀರಿ, ಆಸ್ತಿ ಮ್ಯಾಲೆ ನೋಂದಣಿಯಾದ ಸಾಲ, ಮಾರಾಟ ಅದರಾಗ ಕಾಣತಾವ. ಗ್ರಾಮ ಪಂಚಾಯ್ತಿ ಹದ್ದಿನ ಆಸ್ತಿಯಾದರ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11 ನೋಡ್ರಿ.

ಇನ್ನ ಸಿಆರ್‌ಝಡ್, ಅಂದರ ಕರಾವಳಿ ನಿಯಂತ್ರಣ ವಲಯ. ಭರತ ಬಂದಾಗ ಕಡಲ ನೀರು ಮುಟ್ಟೋ ಗೆರಿಯಿಂದ 500 ಮೀಟರ್ ತನಕ ಕರಾವಳಿ ನಿಯಮ ಹತ್ತತಾವ. "ಹಿತ್ತಲದಾಗ ಎರಡು ಖೋಲಿ ಕಟ್ಟಿ ಹೋಮ್‌ಸ್ಟೇ ಮಾಡ್ರಿ" ಅಂತ ಏಜೆಂಟ್ ಅಂದರ, ಪರವಾನಗಿ ಸಿಗತದೇನು ಅಂತ ಕಾರವಾರದ ಸಿಆರ್‌ಝಡ್ ಕಚೇರಿಗೆ ಅರ್ಜಿ ಕೊಟ್ಟು ಕೇಳ್ರಿ. ಲಿಖಿತ ಉತ್ತರ ಕೈಗೆ ಬಂದಮ್ಯಾಲೆ ಮುಂಗಡ ಕೊಡ್ರಿ.