ಜೋಳದ ಹಿಟ್ಟಿನ್ಯಾಗಿನ ಗೋದಿ ತಗದದ್ದು: ನನ್ನ ಅನುಭವ

ಮೊನ್ನೆ ಲ್ಯಾಬ್ ರಿಪೋರ್ಟ್ ಬಂತು, ಹಿಟ್ಟಿನ್ಯಾಗ ಗ್ಲುಟೆನ್, ಅಂದ್ರ ಗೋದಿಯೊಳಗಿನ ಅಂಟಿನ ಪ್ರೋಟೀನು, 5 ಪಿಪಿಎಮ್‌ಗಿಂತ (ಕಿಲೋಕ್ಕ 5 ಮಿಲಿಗ್ರಾಂ) ಕಡಿಮಿ. ಸಾಲಾಗಿ ಏಳನೇ ಬ್ಯಾಚ್ ಇದು. ವಿಜಯಪುರದಾಗ ಕುಂತು, ಕಲ್ಲಿನ ಗಿರಣ್ಯಾಗ ಬೀಸಿ, ಗ್ಲುಟೆನ್ ಇಲ್ಲದ ಜೋಳದ ಹಿಟ್ಟು ಮಾಡ್ತೀನಿ ಅಂದಾಗ ನಮ್ಮ ಲೈನಿನವರು ಒಬ್ಬರೂ ನಂಬಿರಲಿಲ್ಲ. "ಜೋಳದಾಗ ಗ್ಲುಟೆನ್ ಇರೂದ ಇಲ್ಲ, ಏನ್ ತಗೀತಿಯೋ ಮಾರಾಯಾ" ಅಂತ ಅರ್ಧ ಮಂದಿ, "ಗೋದಿ ಬೀಸಲಾರದ ಗಿರಣಿ ಒಂದು ವರ್ಷ ತಡಿಯಂಗಿಲ್ಲ" ಅಂತ ಉಳಿದ ಅರ್ಧ. ಇಬ್ಬರಿಗೂ ಈಗ ಉತ್ತರ ಐತಿ, ಅದಕ್ಕ ಬರಿಯಾಕತ್ತೀನಿ. ರೊಟ್ಟಿ, ಹಿಟ್ಟು, ಚಟ್ನಿಪುಡಿ ಧಂದೆ ಮಾಡೂ ಮಂದಿಗೆ ಬರದದ್ದಿದು, ಸಿಲಿಯಾಕ್ ಅಂದ್ರ ಗ್ಲುಟೆನ್ ತಿಂದ್ರ ಸಣ್ಣ ಕರುಳು ಕೆಡೂ ಬ್ಯಾನಿ, ಅಷ್ಟ ಹೇಳಿ ಮುಂದ ಹೋಗ್ತೀನಿ.

ಇದು ಶುರು ಆಗಿದ್ದು ನಮ್ಮ ತಂಗಿ ಮಗಳಿಂದ. ಆಗ ಆಕಿಗೆ ಆರು ವರ್ಷ. ಹೊಟ್ಟಿ ಉಬ್ಬಿ, ಕೈಕಾಲು ಕಡ್ಡಿ ಆಗಿ, ಹಿಮೋಗ್ಲೋಬಿನ್ ಏಳೂವರಿ ಎಂಟರ ಮ್ಯಾಲ ಏರವಲ್ದಾಗಿತ್ತು. ಎರಡು ವರ್ಷ ಬರೇ ಕಬ್ಬಿಣದ ಟಾನಿಕ್ಕು, ಜಂತಿನ ಔಷಧ. ಕಡೀಕ ಬೆಳಗಾವಿಗೆ ಕರಕೊಂಡು ಹೋದಾಗ ಟಿಟಿಜಿ (ಸಿಲಿಯಾಕ್ ಹಿಡಿಯೂ ರಕ್ತದ ಟೆಸ್ಟ್) ಮಾಡಿಸಿ, ಎಂಡೋಸ್ಕೋಪಿ, ಬಯಾಪ್ಸಿ ಎಲ್ಲಾ ಆಗಿ ಸಿಲಿಯಾಕ್ ಅಂದ್ರು, ಟಿಟಿಜಿ 200ರ ಮ್ಯಾಲ ಇತ್ತು. ಗೋದಿ ಜನ್ಮಕ್ಕ ಬಂದ್ ಅಂದ್ರು. ಖರೇ ಹೇಳ್ತೀನಿ, ನಮಗ ಅವತ್ತು ಸಮಾಧಾನನ ಆತು, ಯಾಕಂದ್ರ ಪಂಜಾಬದ ಕಡೆಯವರಿಗೆ ಗೋದಿ ಬಿಡೂದು ಅಂದ್ರ ಊಟನ ಬಿಟ್ಟಂಗ, ನಮ್ಮ ಕಡೆ ಹಂಗಲ್ಲ, ಮುಂಜಾನಿ ಸಂಜಿ ಎರಡೂ ಹೊತ್ತು ಜೋಳದ ರೊಟ್ಟಿ ಇರ್ತಾವ, ಚಪಾತಿ ಬಿಟ್ರ ಏನ್ ಹೋಗತೈತಿ ಅಂದಕೊಂಡ್ವಿ.

ಒಂದು ವರ್ಷ ಆದ ಮ್ಯಾಲೂ ಟಿಟಿಜಿ 120ರ ಆಸುಪಾಸು ನಿಂತ್ಕೊಂಡು ಬಿಡ್ತು. ಡಾಕ್ಟರ್ರು ತಂಗಿಗೆ "ನೀವು ಎಲ್ಲೋ ಬಿಸ್ಕೀಟ್ ಕೊಡಾಕತ್ತೀರಿ, ಮುಚ್ಚಿಡಬ್ಯಾಡ್ರಿ" ಅಂದ್ರು. ಆಕಿ ಹೊರಗ ಬಂದು ಬೆಂಚಿನ ಮ್ಯಾಲ ಕುಂತು ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟೇತಿ. "ಅಣ್ಣಾ, ನೀ ಕಳಿಸಿದ ರೊಟ್ಟಿ ಬಿಟ್ರ ಅನ್ನ, ಮಜ್ಜಿಗಿ, ಪಲ್ಯಾ, ಬ್ಯಾರೆ ಏನೂ ಬಾಯಿಗೆ ಇಟ್ಟಿಲ್ಲ ಆಕಿಗೆ" ಅಂದ್ಲು. ನೀ ಕಳಿಸಿದ ರೊಟ್ಟಿ ಅಂದ ಮಾತು ರಾತ್ರಿ ತನಕ ತಲಿಯೊಳಗ ಕುಂತಿತ್ತು. ನಮ್ಮ ರೊಟ್ಟಿ ಯೂನಿಟ್ಟಿಗೆ ಹಿಟ್ಟು ಬರ್ತಿದ್ದದ್ದು ಓಣಿ ಗಿರಣಿಯಿಂದ, ಅಲ್ಲಿ ಒಂದ ಕಲ್ಲಿನ ಮ್ಯಾಲ ಮುಂಜಾನಿ ಗೋದಿ, ಮಧ್ಯಾಹ್ನ ಜೋಳ, ಸಂಜಿಗೆ ಮತ್ತ ಗೋದಿ.

ಆ ಹಿಟ್ಟನ್ನ ಗ್ಲುಟೆನ್ ಎಷ್ಟೈತಿ ಅಂತ ಅಳಿಯೂ ಎಲೈಜಾ ಅನ್ನೂ ಲ್ಯಾಬ್ ಟೆಸ್ಟಿಗೆ ಕಳಿಸಿದ್ನಿ, ಒಂದು ಸ್ಯಾಂಪಲ್ಲಿಗೆ ನಾಲ್ಕು ಸಾವಿರದ ಮ್ಯಾಲ ಹತ್ತಿತು. 320 ಪಿಪಿಎಮ್ ಅಂತ ಬಂತು. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕಾಯ್ದೆ ಪ್ರಕಾರ ಗ್ಲುಟೆನ್ ಫ್ರೀ ಅಂತ ಬರಿಬೇಕಾದ್ರ ಕಿಲೋಕ್ಕ 20 ಮಿಲಿಗ್ರಾಂ ಒಳಗ ಇರಬೇಕು, ಅಂದ್ರ 20 ಪಿಪಿಎಮ್. ಹುಡುಗಿ ದಿನಕ್ಕ ಮೂರು ರೊಟ್ಟಿ ತಿಂತಾಳ, ಹೆಚ್ಚುಕಡಿಮಿ 150 ಗ್ರಾಂ ಹಿಟ್ಟು. ಲೆಕ್ಕ ಹಾಕ್ರಿ, ದಿನಕ್ಕ 50 ಮಿಲಿಗ್ರಾಂ ಹತ್ರ ಗ್ಲುಟೆನ್. ಇಟಲಿಯವರು 2007ರಾಗ ಒಂದು ಸ್ಟಡಿ ಮಾಡಿದ್ರು, ಸಿಲಿಯಾಕ್ ಇದ್ದವರಿಗೆ ದಿನಾ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಕೊಟ್ರ ಸಣ್ಣ ಕರುಳಿನ ಒಳಗಿನ ಪದರಾ ಮತ್ತ ಕೆಡತೈತಿ ಅಂತ ತೋರಿಸಿದ್ದು. ನಾನು ಆ ಹುಡುಗಿಗೆ ಸರೀ ಅಷ್ಟ ಡೋಸು ವರ್ಷಾನುಗಟ್ಟಲೆ ನನ್ನ ಕೈಯಾರೆ ಕಳಿಸಿದ್ನಿ. ಅಮೇರಿಕಾದಾಗ 2010ರಾಗ ಹಿಂಗ ತಾನ ತಾನಾಗಿ ಗ್ಲುಟೆನ್ ಇಲ್ಲದ ಕಾಳು, ಹಿಟ್ಟು 22 ತಗೊಂಡು ಟೆಸ್ಟ್ ಮಾಡಿದ್ರು, 7ರಾಗ 20 ಪಿಪಿಎಮ್ ದಾಟಿತ್ತು. ಅಷ್ಟು ದೊಡ್ಡ ಮಷಿನ್ ಇದ್ದವರದ ಹಂಗಾದ್ರ ನಮ್ಮ ಓಣಿ ಗಿರಣಿ ಗತಿ ಏನು.

ಮೊದಲ ಪ್ರಯತ್ನ ಎಲ್ಲರೂ ಮಾಡೂದ ನಾನೂ ಮಾಡಿದ್ನಿ, ಗಿರಣಿಯವನಿಗೆ ಹೇಳಿ ಕಲ್ಲು ಝಾಡಿಸಿ, ಹತ್ತು ಕಿಲೋ ಜೋಳ ಮೊದಲ ಬೀಸಿ ಅದನ್ನ ಎಮ್ಮಿಗೆ ಹಾಕಿ, ಆಮ್ಯಾಲ ನಮ್ಮದು ಬೀಸಿಸಿದ್ವಿ. ಸ್ಟ್ರಿಪ್ (ಗ್ಲುಟೆನ್ ಇದ್ರ ಎರಡನೇ ಗೆರಿ ಮೂಡೂ ಟೆಸ್ಟ್ ಪಟ್ಟಿ) ಹಾಕಿದ್ರ ಎರಡು ಗೆರಿ, ಝಗ್ಗ ಅಂತ. ಇಪ್ಪತ್ತು ಕಿಲೋ ಮಾಡಿದ್ವಿ, ಮತ್ತ ಎರಡು ಗೆರಿ. ಐವತ್ತು ಕಿಲೋ ಹಾಳು ಮಾಡಿ ನೋಡಿದಾಗ ಗೆರಿ ತಿಳಿ ಆತು ಖರೆ, ಹೋಗಲಿಲ್ಲ. ಕಲ್ಲಿನ ಟಾಕಿ (ಬೀಸಾಕ ಹೊಡದ ಗೀರು) ಒಳಗ, ಹಿಟ್ಟು ಬೀಳೂ ತಗಡಿನ ಮೂಲ್ಯಾಗ, ಬಾಯಿಗೆ ಕಟ್ಟೂ ಅರಿವ್ಯಾಗ ಗೋದಿ ಹಿಟ್ಟು ಕುಂತಿರತೈತಿ. ಆ ಅರಿವಿ ಒಂದನ್ನ ಝಾಡಿಸಿ ಟೆಸ್ಟ್ ಮಾಡಿದ್ರ ಮುಗೀತು, ಎಲ್ಲಾ ಗೊತ್ತಾಗತೈತಿ.

ಎರಡನೇದು ನನ್ನ ದೊಡ್ಡ ಲುಕ್ಸಾನು. ಸೆಕೆಂಡ್ ಹ್ಯಾಂಡ್ ಗಿರಣಿ ತಗೊಂಡ್ನಿ, 10 ಎಚ್‌ಪಿ ಮೋಟರ್ ಸಮೇತ 62 ಸಾವಿರ. ಬಿಚ್ಚಿ, ಬ್ರಶ್ ಹೊಡದು, ಕಂಪ್ರೆಸರ್ ಗಾಳಿ ಹಿಡದು, ಕಲ್ಲಿಗೆ ಹೊಸಾ ಟಾಕಿ ಹೊಡಸಿ, ಎಂಟು ದಿನ ಮೂರು ಮಂದಿ ಕೆಲಸ ಮಾಡಿದ್ವಿ. 45 ಪಿಪಿಎಮ್‌ಗಿಂತ ಕೆಳಗ ಇಳಿಲೇ ಇಲ್ಲ. ಬೇರಿಂಗ್ ಮನಿ ಒಳಗ ಗ್ರೀಸಿನ ಜೋಡಿ ವರ್ಷಾನುಗಟ್ಟಲೆ ಕೂಡಿದ ಗೋದಿ ಹಿಟ್ಟು ಗಟ್ಟಿ ಹಿಡದು ಕುಂತಿತ್ತು, ಓಡಿದಂಗ ಓಡಿದಂಗ ಪುಡಿಪುಡಿ ಉದುರತಿತ್ತು. ಅದನ್ನ 40 ಸಾವಿರಕ್ಕ ಇನ್ನೊಬ್ಬರಿಗೆ ಕೊಟ್ಟು ಕೈ ತೊಳಕೊಂಡ್ನಿ. ಈ ಕೆಲಸಕ್ಕ ಹಳೇ ಗಿರಣಿ ತಗೋಬ್ಯಾಡ್ರಿ, ಯಾರ ಎಷ್ಟ ಹೇಳಿದ್ರೂ.

ಹೊಸಾ ಗಿರಣಿ, ಹೊಸಾ ಕಲ್ಲು, ಗೋದಿ ಎಂದೂ ಕಾಣದ್ದು, ಮೋಟರ್ ಕೂಡಿ 1 ಲಕ್ಷ 35 ಸಾವಿರ. ಪಿಎಂಎಫ್‌ಎಂಇ (ಸಣ್ಣ ಆಹಾರ ಉದ್ದಿಮೆಗೆ ಕೇಂದ್ರದ ಯೋಜನಾ) ಒಳಗ 35 ಪರ್ಸೆಂಟ್ ಸಬ್ಸಿಡಿ ಇತ್ತು, ನನ್ನ ಫೈಲ್ ಬ್ಯಾಂಕಿನ್ಯಾಗ ಹತ್ತು ತಿಂಗಳು ಮಲಗಿತ್ತು, ಆ ಹೊತ್ತಿಗೆ ಕೈಯಿಂದ ಹಾಕಿ ಶುರು ಮಾಡೇ ಬಿಟ್ಟಿದ್ನಿ. ಈಗಂತೂ ಗೆದ್ವಿ ಅಂತ ಮೊದಲ ಬ್ಯಾಚ್ ಲ್ಯಾಬಿಗೆ ಕಳಿಸಿದ್ರ 60 ಪಿಪಿಎಮ್! ಹೊಸಾ ಗಿರಣಿಯೊಳಗ ಹಳೇ ಗಿರಣಿಗಿಂತ ಹೆಚ್ಚು. ಎರಡು ದಿನ ಊಟ ಸೇರಲಿಲ್ಲ ನನಗ.

ಆಮ್ಯಾಲ ತಿಳೀತು, ತಪ್ಪು ಗಿರಣಿದಲ್ಲ, ಕಾಳಿಂದು. ಇದನ್ನ ನಮ್ಮ ಮಂದಿ ಸರೀ ಕೇಳ್ರಿ. ಒಂದು ಗೋದಿ ಕಾಳು ಅಂದಾಜು 40 ಮಿಲಿಗ್ರಾಂ ತೂಗತೈತಿ, ಅದರಾಗ ಹತ್ತನೇ ಒಂದು ಪಾಲು ಗ್ಲುಟೆನ್ ಅಂದ್ರೂ 4 ಮಿಲಿಗ್ರಾಂ. ಕಿಲೋ ಜೋಳದಾಗ ಐದು ಗೋದಿ ಕಾಳು ಬಿದ್ರ 20 ಪಿಪಿಎಮ್ ಆಗಿ ಹೋತು! ಮಾಲದಂಡಿ ಜೋಳ ಕಿಲೋಕ್ಕ ಮೂವತ್ತು ಸಾವಿರ ಕಾಳು ಹಿಡೀರಿ, ಅದರಾಗ ಐದು. ನಮ್ಮ ಎಪಿಎಂಸಿ ಜೋಳದಾಗ ನಾನು ಕಿಲೋ ತೂಗಿ ಆರಿಸಿ ನೋಡಿದಾಗ ಒಮ್ಮೆ ಎಂಟು, ಒಮ್ಮೆ ಹದಿನಾಲ್ಕು, ಒಮ್ಮೆ ಮೂವತ್ತರ ತನಕ ಸಿಕ್ಕಾವ. ಗೋಣಿಚೀಲದ್ದು, ಟಂಟಂ ಗಾಡಿದು, ರಾಶಿ ಮಷಿನ್ನಿಂದು. ಮಷಿನ್ ನಿನ್ನೆ ಗೋದಿ ರಾಶಿ ಮಾಡಿ ಇವತ್ತ ಜೋಳದ ಹೊಲಕ್ಕ ಬಂದಿರತೈತಿ. ಹೊಲದಾಗೂ ಐತಿ, ಹಿಂಗಾರಿಗೆ ಒಂದು ಪಟ್ಟಿ ಜೋಳ, ಬಾಜೂಕ ಒಂದು ಪಟ್ಟಿ ಗೋದಿ ಬಿತ್ತೂದು ನಮ್ಮ ಕಡೆ ಮೊದಲಿಂದ ಐತಿ.

ಜರಡಿ ಹಿಡದು ತಗೀಬೇಕು ಅಂತ ಹೋದ್ನಿ, ಆಗಲಿಲ್ಲ. ಗೋದಿ ಉದ್ದ ಐತಿ ಖರೆ, ಜರಡಿ ಅಳ್ಳಾಡಿಸಿದಂಗ ಎದ್ದು ನಿಂತು ತೂತಿನ್ಯಾಗ ಹಾದು ಹೋಗತೈತಿ, ಸೀಳು ತೂತಿನ ಜರಡ್ಯಾಗ ಜೋಳನ ಅರ್ಧ ಹೋಗತೈತಿ. ನಾಲ್ಕು ಥರದ ಜರಡಿಗೆ ಏಳು ಸಾವಿರ ಹೋತು. ನೀರಾಗ ತೊಳದು ಮಾಳಿಗಿ ಮ್ಯಾಲ ಒಣಸಿದ್ವಿ, ಮೇಲಿನ ಧೂಳು ಹೋಗಿ ಸ್ಟ್ರಿಪ್ ಚಲೋ ಬಂತು, ಮರುದಿನ ಮೋಡ ಆಗಿ ಎರಡು ಕ್ವಿಂಟಲ್ ಜೋಳ ಮುಗ್ಗಲ ವಾಸನಿ ಹಿಡದು ಬಿಡ್ತು. ತೊಳಿಯೂದು ಅವತ್ತಿಗೆ ಬಿಟ್ವಿ.

ದಾರಿ ತೋರಿಸಿದ್ದು ನಮ್ಮಲ್ಲಿ ರೊಟ್ಟಿ ಬಡಿಯೂ ಒಬ್ಬ ಆಯಿ, ಎಪ್ಪತ್ತರ ಹತ್ರ ವಯಸ್ಸು. ನನ್ನ ಜರಡಿ ಆಟ ನೋಡಿ ನೋಡಿ ಸಾಕಾಗಿ "ತಮ್ಮಾ, ಮರ ಓರಿ ಹಿಡದು ತಟ್ಟು, ಜೋಳ ಉಳ್ಳತಾವ, ಗೋದಿ ಕುಂದರತಾವ" ಅಂದ್ಲು. ಕಾಳು ಕೇರೂ ಮರಾನ ಓರಿ, ಅಂದ್ರ ಇಳಿಜಾರು, ಹಿಡದು ಮಾಡಿ ತೋರಿಸಿದ್ಲು. ಗುಂಡಗಿನ ಕಾಳು ಉರುಳಿ ಕೆಳಗ ಹೋಗ್ತಾವ, ಗೋದಿ ಹೊಟ್ಟಿ ಮ್ಯಾಲ ಗೀರು ಇರತೈತಿ ನೋಡ್ರಿ, ಅದು ಉಳ್ಳವಲ್ದು. ಅದನ್ನ ನೋಡಿ ಪ್ಲೈವುಡ್ಡಿನ ಆರು ಫೂಟಿನ ಓರಿ ಹಲಗಿ ಮಾಡಿ, ಮ್ಯಾಲ ಅರಿವಿ ಬಿಗದು, ಕೆಳಗ ಸಣ್ಣ ಮೋಟರ್ ಹಚ್ಚಿ ನಡುಗಂಗ ಮಾಡಿದ್ವಿ. ಎಲ್ಲಾ ಕೂಡಿ ಒಂಬತ್ತು ಸಾವಿರದಾಗ ಆತು. ಯಾವ ಅರಿವಿ, ಹಲಗಿ ಎಷ್ಟ ಓರಿ ಅನ್ನೂದು ಇಲ್ಲಿ ಬರಿಯೂದಿಲ್ಲ, ಅದಕ್ಕ ನಾಲ್ಕು ತಿಂಗಳು ಹೋಗ್ಯಾವ ನನ್ನವು. ಇಷ್ಟ ಹೇಳ್ತೀನಿ, ಥಂಡಿ ದಿನಕ್ಕೂ ಬ್ಯಾಸಗಿ ದಿನಕ್ಕೂ ಓರಿ ಬ್ಯಾರೆ ಇಡಬೇಕು. ಅದನ್ನ ಎರಡು ಸಲ ದಾಟಿಸಿ, ಆಮ್ಯಾಲ ಗಾಳಿ ಹೊಡದು ಧೂಳು, ನುಚ್ಚು ತಗದು, ಕಡೀಕ ಟ್ಯೂಬ್‌ಲೈಟಿನ ಕೆಳಗ ಬಿಳೀ ಮೇಜಿನ ಮ್ಯಾಲ ಇಬ್ಬರು ಹೆಣ್ಮಕ್ಕಳು ಆರಸ್ತಾರ. ಹತ್ತು ಕಿಲೋಕ್ಕ ಒಂದೋ ಎರಡೋ ಕಾಳು ಅವರಿಗೆ ಸಿಗತೈತಿ ಈಗ, ಕಾಳಿಗೆ ಐದು ರೂಪಾಯಿ ಇನಾಮು ಇಟ್ಟೀನಿ.

ಕಾಳು ತಗೊಳ್ಳೂದೂ ಬದಲ ಮಾಡಿದ್ವಿ. ಡೋಣಿ ಹರಿದ್ರ ಓಣೆಲ್ಲಾ ಜೋಳ ಅಂತ ಮಾತ ಐತಿ, ಆ ಡೋಣಿ ಹೊಳಿ ದಂಡಿ ಹೊಲದವರು ನಾಲ್ಕು ಮಂದಿ ರೈತರನ್ನ ಹಿಡದು, ಎಪಿಎಂಸಿ ರೇಟಿನ ಮ್ಯಾಲ ಕ್ವಿಂಟಲ್ಲಿಗೆ 400 ಹೆಚ್ಚು ಕೊಡ್ತೀನಿ. ಷರತ್ತು ಮೂರ, ಹಿಂದಿನ ವರ್ಷ ಆ ಪಟ್ಟಿಯೊಳಗ ಗೋದಿ ಇರಬಾರದು, ನಡಕ ಕುಸಬಿ ಅಕ್ಕಡಿ ಇದ್ರ ಚಿಂತಿಲ್ಲ, ರಾಶಿ ನಮ್ಮ ತಾಡಪತ್ರಿ ಮ್ಯಾಲ ಆಗಬೇಕು, ಮತ್ತ ಚೀಲ ನಮ್ಮವು, ಹೊಸಾವು. ರಾಶಿ ಮಷಿನ್ ಒಳಗ ಮೊದಲ ಒಂದು ಚೀಲ ಬರೂದು ರೈತ ತನ್ನ ಮನಿಗೆ ಇಟ್ಕೋತಾನ.

ಟೆಸ್ಟಿನ ಬಗ್ಗೆ ಎರಡು ಮಾತು, ಇದರಾಗ ನಾನೂ ಮೋಸ ಹೋಗೀನಿ. ಸ್ಟ್ರಿಪ್ಪು ಒಂದಕ್ಕ 700-800 ಬೀಳತೈತಿ ಅಂತ ಒಂದು ಚಿಟಿಕಿ ಹಿಟ್ಟು ತಗೊಂಡು ಟೆಸ್ಟ್ ಮಾಡಿ ಪಾಸ್ ಅಂದುಕೋಬ್ಯಾಡ್ರಿ, ಗೋದಿ ಹಿಟ್ಟಿನ್ಯಾಗ ಒಂದ ಸಮ ಇರೂದಿಲ್ಲ, ಅಲ್ಲೊಂದು ಇಲ್ಲೊಂದು ಕಡೆ ಗುಂಪಾಗಿರತೈತಿ. ನಾನು ಬ್ಯಾಚಿನ ಹತ್ತು ಜಾಗಾದಿಂದ ಹಿಟ್ಟು ತಗದು, ಕೂಡಿಸಿ ಕಲಿಸಿ, ಅದರಾಗ ಮೂರು ಟೆಸ್ಟ್ ಹಾಕ್ತೀನಿ. ಇನ್ನೊಂದು, ಗ್ಲುಟೆನ್ ಭಾಳ ಹೆಚ್ಚಿದ್ರ ಕೆಲವು ಸ್ಟ್ರಿಪ್ಪು ಉಲ್ಟಾ ತಿಳಿ ಗೆರಿ ತೋರಸ್ತಾವ. ನಾನು ಸುಮ್ಮನ ಚಪಾತಿ ಹಿಟ್ಟು ಹಾಕಿ ನೋಡಿದಾಗ ಗೆರಿ ಕಾಣಲಾರದಂಗ ಬಂತು, ನೂರು ಪಟ್ಟು ತೆಳು ಮಾಡಿ ಹಾಕಿದಾಗ ಕಡುಕೆಂಪು. ಅಂಥ ಸ್ಟ್ರಿಪ್ ಇದ್ರ ತೆಳು ಮಾಡಿದ್ದೂ ಒಂದು ಹಾಕಿ ನೋಡ್ರಿ.

ನಡಕ ಚಟ್ನಿ ಕಥಿ ಹೇಳಬೇಕು. ಹಿಟ್ಟು ಸರೀ ಆದ ಮ್ಯಾಲ ತಂಗಿ ಮನಿಗೆ ಗುರೆಳ್ಳ ಚಟ್ನಿ, ಶೇಂಗಾ ಚಟ್ನಿ ನಮ್ಮದ ಕಳಿಸಿದ್ವಿ. ಹಂಗ ಮನಸ್ಸಿಗೆ ಬಂದು ಎರಡೂ ಸ್ಟ್ರಿಪ್ಪಿಗೆ ಹಾಕಿದ್ನಿ, ಶೇಂಗಾ ಚಟ್ನಿ ಪಾಸ್, ಗುರೆಳ್ಳದ್ದು ಫೇಲ್. ಮೂರು ದಿನ ತಲಿ ಕೆಡಿಸಿಕೊಂಡು ಒಂದೊಂದು ಸಾಮಾನು ಬ್ಯಾರೆ ಬ್ಯಾರೆ ಟೆಸ್ಟ್ ಮಾಡಿದಾಗ ಸಿಕ್ಕಿದ್ದು ಇಂಗು. ಡಬ್ಬಿ ಹಿಂದ ಓದ್ರಿ, ಕಂಪೌಂಡ್ ಇಂಗಿನ್ಯಾಗ ಭಾಳ ಸಲ ಗೋದಿ ಹಿಟ್ಟೋ ಮೈದಾನೋ ಇರತೈತಿ, ಅದರಾಗ ಖರೇ ಇಂಗು ಕಡಿಮಿನ. ಸಿಲಿಯಾಕ್ ಮನಿಯವರು ಎಷ್ಟ ಮಂದಿ ಇಂಗಿನ ಒಗ್ಗರಣಿ ಸಾರು ಉಣಿಸಾಕತ್ತಾರೋ. ನಾವು ಈಗ ಅಕ್ಕಿ ಹಿಟ್ಟಿನ ಇಂಗು ತರಿಸಿ, ಅದನ್ನೂ ಪ್ರತಿ ಡಬ್ಬಿ ಟೆಸ್ಟ್ ಮಾಡಿ ಹಾಕ್ತೀವಿ. ಹೋಳಿ ಹುಣ್ಣಿವಿಗೆ ಜೋಳದ ಕಣಕದಾಗ ಹೋಳಿಗಿ ಮಾಡೂ ಪ್ರಯತ್ನನೂ ಮಾಡಿದ್ವಿ, ಹೂರಣ ಒಡಕೊಂಡು ಹೊರಗ ಬರತಿತ್ತು, ಎಸರಿನ ನೀರು ಹೆಚ್ಚು ಮಾಡಿ, ಸ್ವಲ್ಪ ಇಸಬಗೋಲು ಕೂಡಿಸಿದಾಗ ಹತ್ತರಾಗ ಆರು ನಿಂತವು. ಹುಡುಗಿ ಆ ಆರೂ ತಾನ ತಿಂದ್ಲು.

ರೊಟ್ಟಿ ಕಟ್ಟಿಯೊಳಗೂ ಕಲಿತದ್ದು ಐತಿ. ಹಿಟ್ಟು ಎಷ್ಟ ಶುದ್ಧ ಇದ್ರೂ, ಚಪಾತಿ ಬೇಯಿಸಿದ ಹಂಚು, ಚಪಾತಿ ನಾದಿದ ಪರಾತ, ಒರಸೂ ಅರಿವಿ ಮುಟ್ಟಿದ್ರ ಮುಗೀತು. ನಮ್ಮಲ್ಲಿ ಎಂಟು ಹೆಣ್ಮಕ್ಕಳು ಬರ್ತಾರ, ಅವರು ಮನ್ಯಾಗ ಚಪಾತಿ ಮಾಡಿ ಅದ ಸೀರಿ ಮ್ಯಾಲ ಬರತಿದ್ರು, ಸೆರಗಿನ ಹಿಟ್ಟು ಝಾಡಿಸಿ ಟೆಸ್ಟ್ ಮಾಡಿದಾಗ ಎರಡು ಗೆರಿ. ಬಾಗಿಲದಾಗ ಮೇಲಂಗಿ, ಕೈ ತೊಳಿಯೂದು, ಡಬ್ಬಿ ಒಳಗ ಚಪಾತಿ ತರೂಹಂಗಿಲ್ಲ. ಮೊದಲ ಬ್ಯಾಸರ ಮಾಡಿಕೊಂಡ್ರು. ಹುಡುಗಿ ಫೋಟೋ ಹಿಂದಿಂದು ಈಗಿಂದು ಎರಡೂ ತೋರಿಸಿದ ಮ್ಯಾಲ ಅವರ ನನಗ ಬೈತಾರ, "ಅಣ್ಣಾರ, ಚಪ್ಪಲಿ ಹೊರಗ" ಅಂತ.

ಒಟ್ಟು ಖರ್ಚು ಬಾಯಿಲೆಕ್ಕ ಹೇಳಿದ್ರ ಮೂರೂವರಿ ಲಕ್ಷ, ಅದರಾಗ ಟೆಸ್ಟಿಗೇ 90 ಸಾವಿರದ ತನಕ ಹೋಗಿರಬೇಕು. ಹಿಟ್ಟು ಕಿಲೋ 130ಕ್ಕ ಕೊಡ್ತೀನಿ, ಓಣಿಯೊಳಗ ಜೋಳದ ಹಿಟ್ಟು 60-65 ಐತಿ, ಅದಕ್ಕ ತುಟ್ಟಿ ಆತು ಅಂತಾರ. ಟೆಸ್ಟಿನ ಖರ್ಚ ಕಿಲೋಕ್ಕ 14 ರೂಪಾಯಿ ಬೀಳತೈತಿ, ಬ್ಯಾಚ್ ದೊಡ್ಡದು ಮಾಡಿದ್ರ ಇಳೀತೈತಿ. ಗೋದಿ ಬೀಸಲಾರದ ಗಿರಣಿ ವರ್ಷ ತಡಿಯಂಗಿಲ್ಲ ಅಂದವರಿಗೆ, ಎರಡನೇ ವರ್ಷ ನಡದೈತಿ, ತಿಂಗಳಿಗೆ ಆರು ಏಳು ಕ್ವಿಂಟಲ್ ಹೋಗತೈತಿ, ಹುಬ್ಬಳ್ಳಿ, ಪುಣೆಕ್ಕೂ ಪಾರ್ಸಲ್ ಹೋಗತಾವ. ಒಂದು ಔಷಧ ಅಂಗಡಿಯವರು ತಮ್ಮ ಹೆಸರಿನ್ಯಾಗ ಪ್ಯಾಕ್ ಮಾಡಿ ಕೊಡು ಅಂದ್ರು, ಕೊಡಲಿಲ್ಲ, ಅವರ ಗೋಡೌನಿನ್ಯಾಗ ರವಾ ಚೀಲ ಕಂಡಿದ್ನಿ.

ಹುಡುಗಿ ಟಿಟಿಜಿ ಹೊಸಾ ಹಿಟ್ಟು ಶುರು ಮಾಡಿ ಆರು ತಿಂಗಳಿಗೆ 40ಕ್ಕ ಬಂತು, ಈ ದೀಪಾವಳಿ ಮುಂದ ಮಾಡಿಸಿದಾಗ 9, ಆ ಲ್ಯಾಬಿನ ಲೆಕ್ಕದಾಗ 10ರ ಒಳಗ ನಾರ್ಮಲ್. ಹಿಮೋಗ್ಲೋಬಿನ್ ಹನ್ನೊಂದೂವರಿ. ವರ್ಷದಾಗ ಆರು ಸೆಂಟಿಮೀಟರ್ ಮ್ಯಾಲ ಬೆಳದಾಳ, ಶಾಲಿ ಸ್ಕರ್ಟ್ ಎರಡು ಸಲ ಬದಲ ಆತು. ಡಾಕ್ಟರ್ರು ತಂಗಿಗೆ ಹಿಟ್ಟಿನ ಪಾಕೀಟ್ ತಗೊಂಡು ಬಾ ಅಂತ ಕೇಳಿ ತರಿಸಿಕೊಂಡ್ರು, ಈಗ ಅವರ ಕಡೆಯಿಂದ ನಾಲ್ಕು ಮನಿಯವರು ತರಸ್ತಾರ.

ಈಗ ಉಳಿದಿದ್ದು ಗಾಳಿ ಕಾಟ. ನಮ್ಮ ಯೂನಿಟ್ಟಿನ ಹಿಂದ ನೂರು ಹೆಜ್ಜಿ ಮ್ಯಾಲ ಇನ್ನೊಂದು ಗಿರಣಿ ಐತಿ, ಬ್ಯಾಸಗಿ ಗಾಳಿ ಬಿಟ್ರ ಆ ಕಡಿಂದ ಹಿಟ್ಟಿನ ಧೂಳು ಕಿಡಕಿಗೆ ಬಂದು ಕುಂದರತೈತಿ. ಹೋದ ಏಪ್ರಿಲ್‌ದಾಗ ಒಂದು ಬ್ಯಾಚ್ ಅದರಿಂದ 18ಕ್ಕ ಹೋಗಿತ್ತು, ಕಾಯ್ದೆದಾಗ ಪಾಸ್, ನಾ ಮಾರಲಿಲ್ಲ, ಮನಿಗೆ ಇಟ್ಕೊಂಡ್ವಿ. ಆ ಕಡೆ ಕಿಡಕಿ ಮೂರೂ ಇಟ್ಟಂಗಿ ಇಟ್ಟು ಮುಚ್ಚಿಸೀನಿ, ಒಳಗ ಶೆಕಿ ತಡಿಯೂದಿಲ್ಲ ಅಂತ ಹೆಣ್ಮಕ್ಕಳು ಹೇಳಾಕತ್ತಾರ, ಮಾಳಿಗಿ ಮ್ಯಾಲಿಂದ ಫಿಲ್ಟರ್ ಹಚ್ಚಿ ಗಾಳಿ ಒಳಗ ತಳ್ಳೂ ಫ್ಯಾನು ಕೂಡಸಬೇಕು ಅಂತ ಕೊಟೇಶನ್ ತರಿಸೀನಿ, 38 ಸಾವಿರ ಅಂತಾರ, ಶಿವರಾತ್ರಿ ಒಳಗ ಕೂಡಸಬೇಕು.