ಹುಬ್ಬಳ್ಳಿಗೆ ಹೊಸದಾಗಿ ಬಂದೀರಿ? ಮೊದ್ಲ 'ರಿ' ಎಲ್ಲಿ ಹಚ್ಚಬೇಕು ಕಲೀರಿ

ನಮ್ಮ ಆಫೀಸಿಗೆ ವರ್ಷಾ ಇಬ್ಬರು ಮೂವರು ಮೈಸೂರು, ಹಾಸನ ಕಡಿಂದ ಟ್ರಾನ್ಸ್‌ಫರ್ ಆಗಿ ಬರ್ತಾರ, ಮೊದಲ್ನೇ ವಾರ ಎಲ್ಲಾರ್ದೂ ಒಂದ ಕಂಪ್ಲೇಂಟು, "ಇಲ್ಲಿ ಜನ ಮಾತಾಡಿದ್ರೆ ಜಗಳ ಆಡ್ದಂಗಿರುತ್ತೆ" ಅಂತ. ಜಗಳ ಅಲ್ರೀಪಾ ಅದು, ಆರಾಮ ಅದೀರೇನು ಅಂತ ಕೇಳಾಕತ್ತಾರ ಅಷ್ಟ. ಪ್ರತಿ ಸಲ ಚಹಾ ಕುಡ್ಕೋತ ಹೇಳಿ ಹೇಳಿ ಸಾಕಾಗೈತಿ, ಅದಕ್ಕ ಒಮ್ಮೆ ಬರದ ಬಿಡ್ತೀನಿ. ನಾ ಗದಗನಾಂವ, ಸಂಸಾರ ಹುಬ್ಬಳ್ಳ್ಯಾಗ.

ಮೊದ್ಲ ರಿ. ಗುರ್ತಿಲ್ಲದವರ ಕೂಡ ಮಾತಾಡುವಾಗ ಮಾತಿನ ತುದಿಗೆ ರಿ ಹಚ್ಚಿ ಬಿಡ್ರಿ, ಬರ್ರಿ, ಕೂಡ್ರಿ, ಹೌದ್ರಿ, ಇಲ್ರಿ, ಎಷ್ಟ್ರಿ. ದುರ್ಗದ ಬೈಲಿನ್ಯಾಗ ಕಾಯಿಪಲ್ಲೆ ಮಾರೋ ಅವ್ವಗೂ ಅದ ರಿ, ಸಾಹೇಬ್ರಿಗೂ ಅದ ರಿ. ಕಾಯಿಪಲ್ಲೆ ಅವ್ವಗ "ಎಷ್ಟಮ್ಮಾ, ಕೊಡು" ಅಂದ್ರ ಆಕಿ ಕೊಡ್ತಾಳ, ಆದ್ರ ಕೊತಂಬರಿ ಸಿವುಡು ಸಣ್ಣದು ಬರ್ತೈತಿ. ವಯಸ್ಸಾದವರಿಗೆ ಕಾಕಾ, ಯಜಮಾನ್ರ, ಅಜ್ಜಾರ ಅನ್ರಿ. ಹಾಂ, ಮಠದ ಸ್ವಾಮಿಗಳಿಗೂ ಅಜ್ಜಾರು ಅಂತಾರ, ಸಿದ್ಧಾರೂಢರು ಈ ಊರಿಗೆ ಸಿದ್ಧಾರೂಢ ಅಜ್ಜಾನ. ಸಣ್ಣ ಹುಡುಗಿಗೆ "ಏನವಾ", ಸಣ್ಣ ಹುಡುಗಗ "ಯಪ್ಪಾ" ಅಂದ್ರ ಗಾಬರಿ ಆಗಬ್ಯಾಡ್ರಿ, ಕೂಸಿನ್ಯಾಗ ಅವ್ವನ್ನ ಅಪ್ಪನ್ನ ಕಾಣೂದು ಇಲ್ಲಿ ರೂಢಿ.

ರಿ ಹಚ್ಚೂದು ನಿಮ್ಮ ಕೈಯಾಗ ಐತಿ, ಬಿಡೂದು ಎದುರಿನವರ ಕೈಯಾಗ. ಒಂದಿನ ಬಾಜೂ ಟೇಬಲ್ಲಿನವ "ಏ ಬಾರಲೇ ದೋಸ್ತ, ಗಿರಮಿಟ್ ತಿನ್ನೂಣು" ಅಂದಾ ಅಂದ್ರ ತಿಳ್ಕೊರಿ, ನಿಮಗ ಪ್ರಮೋಷನ್ ಆತು. ವಾರಿಗಿಯವ ಲೇ ಅಂದ್ರ ನೀವೂ ಲೇ ಅನ್ನಬಹುದು, ಆದ್ರ ಹಿರೇರು ಅಂದ್ರ ಸುಮ್ನ ನಕ್ಕು ರಿ ಹಚ್ರಿ.

ಮನ್ಯಾಗ ಈ ಲೆಕ್ಕ ಬ್ಯಾರೆ. ನಮ್ಮನ್ಯಾಗ ಅವ್ವಗ ನೀ, ಅಪ್ಪಗ ನೀವು. ಪ್ರೀತಿಗೆ ನೀ, ಅಂಜಿಕಿಗೆ ನೀವು ಅಂತ ಹೇಳೋರು ಅದಾರ, ನನಗ ಅದು ಅಷ್ಟ ಸರಳ ಅನಸಂಗಿಲ್ಲ, ಯಾಕಂದ್ರ ಸೊಸಿ ಅತ್ತಿಗೆ ರಿ ಹಚ್ತಾಳ, ಅತ್ತಿ ಸೊಸಿಗೆ ಹಚ್ಚಂಗಿಲ್ಲ, ಅದ ಅತ್ತಿ ಅಳಿಯಾ ಬಂದ್ರ ಸೆರಗ ಸರಿ ಮಾಡ್ಕೊಂಡು "ಬರ್ರಿ ಕೂಡ್ರಿ" ಅಂತಾಳ. ಯಾರು ಮ್ಯಾಲೆ ಯಾರು ತೆಳಗ ಅಂತ ಯಾರೂ ಬಾಯಿ ಬಿಟ್ಟು ಹೇಳೂದು ಬೇಕಾಗಿಲ್ಲ.

ಹಳೇ ಮಂದ್ಯಾಗ ಹೆಣತಿ ಗಂಡನ ಹೆಸರು ತಗಿಯಂಗಿಲ್ಲ, "ಇವರು" ಇಲ್ಲಾ "ನಮ್ಮ ಮನ್ಯಾಗಿನವರು". ಆದ್ರ ಲಗ್ನದಾಗ, ಕುಬಸದಾಗ (ನಿಮ್ಮ ಕಡೆ ಸೀಮಂತ) ಹೆಣ್ಮಕ್ಕಳೆಲ್ಲಾ ಬಾಗಿಲಿಗೆ ಅಡ್ಡ ನಿಂತು "ಹೆಸರು ಹೇಳಿ ಒಳಗ ಬಾ" ಅಂತಾರ, ಆಗ ಹೆಸರನ್ನ ಒಡಪಿನ್ಯಾಗ, ಅಂದ್ರ ಪ್ರಾಸದ ಸಣ್ಣ ಪದ್ಯದಾಗ, ಹೆಣದು ಹೇಳಬೇಕು. ನಮ್ಮ ವೈನಿ ಹಾಕಿದ್ದು ಇದು: "ಚಿಗರಿ ಬಸ್ಸಿನ್ಯಾಗ ಕಿಡಕಿ ಬಾಜೂ ಸೀಟ, ನಮ್ಮ ಇಂಥಾ ರಾಯರು ಪೇಡೇ ತರೂದು ಯಾವಾಗ್ಲೂ ಲೇಟ." ಚಿಗರಿ ಅಂದ್ರ ಹುಬ್ಬಳ್ಳಿ-ಧಾರವಾಡ ನಡುವ ಓಡೂ ಬಸ್ಸು. ಇಂಥಾ ಅನ್ನೂ ಜಾಗಾದಾಗ ನಮ್ಮ ಅಣ್ಣನ ಹೆಸರಿತ್ತು, ಮಂಟಪೆಲ್ಲಾ ನಕ್ಕಿತು, ಅಂವ ಫೋನ್ ನೋಡ್ಕೋತ ಹೊರಗ ಹೋದ. ವರ್ಷದ ಸಿಟ್ಟು ತೀರಿಸ್ಕೊಳಾಕ ಅದಕ್ಕಿಂತ ಚಲೋ ಜಾಗಾ ಆಕಿಗೆ ಸಿಗತಿದ್ದಿಲ್ಲ ಬಿಡ್ರಿ. ನಿಮ್ಮ ಮನಿಯವರನ್ನ ಕರ್ಕೊಂಡು ಹೋಗೂದಿದ್ರ ಎರಡು ಒಡಪು ಕಲಿಸ್ಕೊಂಡ ಹೋಗ್ರಿ.

ಕಿಡಕಿ, ವೈನಿ, ಖುರ್ಚಿ, ಇವೆಲ್ಲಾ ಕನ್ನಡಾನ ಏನ್ರಿ ಅಂತ ಕೇಳ್ತಾರ. 1956ರಾಗ ಮೈಸೂರು ರಾಜ್ಯಕ್ಕ ಸೇರೂತನಕ ಧಾರವಾಡ ಜಿಲ್ಲಾ ಮುಂಬೈ ಕಡೆ ಇತ್ತು, ಗದಗ ಹಾವೇರಿ ಎರಡೂ 1997ರತನಕ ಅದ ಜಿಲ್ಲಾದಾಗಿದ್ವು, ಹಂಗಾಗಿ ಮರಾಠಿ ಮಾತು ಮನೀ ಮಾತಾಗಿ ಕುಂತಾವು.

ಮುಂದಿಂದು ಅಡ್ಡಹೆಸರು. ಇಲ್ಲಿ ಬರೇ ಇನಿಷಿಯಲ್ ಹೇಳಿದ್ರ ನಡಿಯಂಗಿಲ್ಲ, "ಅಡ್ಡಹೆಸ್ರು ಏನ್ರಿ?" ಅಂತ ಕೇಳ್ತಾರ. ಪಾಟೀಲ ಅಂದ್ರ ಊರ ಗೌಡಕಿ, ಕುಲಕರ್ಣಿ ಅಂದ್ರ ಲೆಕ್ಕ, ತಳವಾರ ಅಂದ್ರ ಕಾವಲು, ಬಡಿಗೇರ ಕಟಿಗಿ ಕೆಲಸ, ಪತ್ತಾರ ಬಂಗಾರ, ಹೂಗಾರ ಹೂವು ಪತ್ರಿ. ಮೊದ್ಲ ರಾಶಿ ಮುಗದ ಮ್ಯಾಲೆ ಬಡಿಗೇರ, ಕಂಬಾರಗೆಲ್ಲಾ ಕಣದಾಗ ಜ್ವಾಳಾ ಅಳದು ಕೊಡ್ತಿದ್ರು, ಅದಕ್ಕ ಆಯ ಅಂತಿದ್ರು, ವರ್ಷಪೂರ್ತಿ ಮಾಡಿದ ಕೆಲಸಕ್ಕ ಅದ ಪಗಾರ. ಈಗ ಬಡಿಗೇರ ಸಾಫ್ಟ್‌ವೇರ್ ಬರೀತಾನ, ಪಾಟೀಲ ಬಾಡಿಗಿ ಮನ್ಯಾಗ ಅದಾನ, ಹೆಸರು ಮಾತ್ರ ಹಂಗ ಐತಿ. ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಅಡ್ಡಹೆಸರು ಕೇಳಿ ನಗಬ್ಯಾಡ್ರಿ, ಅವರು ಈ ನಗೂ ಸಾಲಿಯಿಂದ ಕೇಳ್ಕೋತ ಬಂದಾರ. ಇನ್ನ ಅಡ್ಡಹೆಸರಿನಿಂದ ಗೊತ್ತಾಗ್ಲಿಲ್ಲ ಅಂದ್ರ "ಯಾರ ಪೈಕಿರಿ?" ಅಂತಾರ, ಅಂದ್ರ ಜಾತಿ. ಬಾಡಿಗಿ ಮನಿ ಹುಡುಕುವಾಗ ಇದು ಬಂದ ಬರ್ತೈತಿ. ಇದನ್ನ ನಮ್ಮ ಸಂಸ್ಕೃತಿ ಅಂತ ನಾ ಸಮರ್ಥನೆ ಮಾಡಂಗಿಲ್ಲ, ಕೆಟ್ಟ ಚಟ ಇದು. ಊರ ಹೆಸರು ಹೇಳಿ ಸುಮ್ನಾಗ್ರಿ, ಮತ್ತ ಮತ್ತ ಕೇಳಿದ್ರ ಬ್ಯಾರೆ ಮನಿ ನೋಡ್ರಿ.

ಯಾರ ಮನಿಗರ ಹೋದ್ರ ಚಹಾ ಒಲ್ಲೆ ಅನಬ್ಯಾಡ್ರಿ, ಅರ್ಧ ಕಪ್ಪರ ಕುಡೀರಿ. ಹೊಂಡುವಾಗ "ಹೋಗ್ತೀನಿ" ಅಲ್ಲ, "ಹೋಗಿ ಬರ್ತೀನ್ರಿ".

ಭಾಳ ಮಂದಿ ಸಿಕ್ಕೊಳ್ಳೋದು 'ಇಲ್ಲ' ಅನ್ನೂದ್ರಾಗ. ಇಷ್ಟು ಖಡಕ್ ಮಾತಾಡೋ ಮಂದಿ ಮಾರಿ ಮ್ಯಾಲೆ ಇಲ್ಲ ಅನ್ನಾಕ ಮಾತ್ರ ಹಿಂದ ಮುಂದ ನೋಡ್ತಾರ. "ಮಾಡೂಣು ತಗೋರಿ" ಅಂದ್ರ ಆಗಬಹುದು, "ನೋಡೂಣು ತಗೋರಿ" ಅಂದ್ರ ಆಗಂಗಿಲ್ಲ. ಮೈಸೂರಿಂದ ಬಂದ ನಮ್ಮ ಸಹೋದ್ಯೋಗಿಗೆ ಗೀಸರ್ ರಿಪೇರಿಯವ ನೋಡೂಣು ತಗೋರಿ ಅಂದಿದ್ದ, ಇಂವ ಎರಡು ದಿನ ರಜಾ ಹಾಕಿ ಕಾದ ಕುಂತ, ಆಮ್ಯಾಲೆ ಫೋನಿನ್ಯಾಗ ಬಾಯಿಗೆ ಬಂದಂಗ ಬೈದ, ಅದೂ ರಿ ಇಲ್ಲದ.

ದಸರಾ ಬಂತು. ವಿಜಯದಶಮಿ ಸಂಜಿಕೆ ಇಲ್ಲಿ ಮನಿ ಮನಿಗೆ ಹೋಗಿ ಬನ್ನಿ ಕೊಡ್ತಾರ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ, ಹಿರೇರ ಕಾಲಿಗೆ ಬೀಳ್ತಾರ, ವಾರಿಗಿಯವರು ಅಪ್ಪಿಕೊಳ್ತಾರ, ಮಾತು ಬಿಟ್ಟವರ ಮನಿಗೆ ಆವತ್ತು ಹೋದ್ರ ಯಾರೂ ಬಾಗಲಾ ಹಾಕಂಗಿಲ್ಲ. ಆ ಗೀಸರ್ ರಿಪೇರಿಯವ ಸ್ಕೂಟರ್ ಮ್ಯಾಲೆ ಬಂದು ಇವನ ಅಂಗೈಯಾಗ ನಾಕು ಎಲಿ ಇಟ್ಟ. ಇಂವ ಪ್ರಸಾದ ಅಂತ ತಿಳದು ಬಾಯಾಗ ಹಾಕ್ಕೊಂಡ. "ತಿನ್ನೂದಲ್ರೀ ಸರ, ಕಿಸೇದಾಗ ಇಟ್ಕೋರಿ" ಅಂತ ಅಂವ ಮತ್ತ ಎರಡು ಎಲಿ ಕೊಟ್ಟ. ಮರುದಿನ ಮುಂಜಾನೆ ಏಳಕ್ಕ ಪಾನಾ ಹಿಡ್ಕೊಂಡು ಬಂದು ಗೀಸರ್ ಚಾಲೂ ಮಾಡಿ ಹೋದ.